ಎರಡು ಸಲ ತಿಳಿಸಿದ್ದೆ

"ನೀವು ಬಾಯಿ ತೆಗೀಬೇಡಿ. ನಿಮ್ಮಂಥವರೇ ನನ್ನನ್ನ ಇಲ್ಲಿಗೆ ತಂದು ಹಾಕಿದ್ದು."

ಗಾಜಿನ ಆಚೆ ಕೂತಿದ್ದ ಆ ಮನುಷ್ಯ ಅವಳಿಗೆ ಹೇಳಿದ ಮೊದಲ ಮಾತೇ ಅದು.

ಅವಳಿನ್ನೂ ಕುರ್ಚಿಯ ತುದಿಯಲ್ಲಿದ್ದಳು. ತಾನು ದುಭಾಷಿ, ಅವನು ಆಡಿದ್ದನ್ನು ವಕೀಲರಿಗೆ, ವಕೀಲರು ಆಡಿದ್ದನ್ನು ಅವನಿಗೆ ದಾಟಿಸುವವಳು ಎಂದಷ್ಟೇ ಹೇಳಿದ್ದಳು. ಅಷ್ಟಕ್ಕೇ ಈ ಪರಿ ಸಿಟ್ಟು...

ಪಕ್ಕದಲ್ಲಿದ್ದ ವಕೀಲಮ್ಮ ಕನ್ನಡಕದ ಮೇಲಿಂದ ಇಣುಕಿ, ಏನಂತೆ ಎಂದು ಕೇಳಿದರು.

ಹೇಳಿದ್ದನ್ನು ಹೇಳಿದ ಹಾಗೆಯೇ ದಾಟಿಸಬೇಕು. ಅವಳ ಕೆಲಸದ ನಿಯಮ ಅದು. ತನ್ನ ಮುಖಕ್ಕೇ ಉಗಿದ ಮಾತಾದರೂ ಬಿಡುವಂತಿಲ್ಲ. ಅವಳು ಅದನ್ನು ಕೋರ್ಟಿನ ಭಾಷೆಯಲ್ಲಿ ಒಂದಕ್ಷರ ಬಿಡದೆ ಒಪ್ಪಿಸಿದಳು. ದನಿ ನಡುಗಲಿಲ್ಲ. ಕಿವಿ ಮಾತ್ರ ಬಿಸಿಯಾಗಿತ್ತು.

ವಕೀಲಮ್ಮ ನಕ್ಕುಬಿಟ್ಟರು. "ಹಾಗಾದ್ರೆ ಇವನ ಹತ್ತಿರ ಹೇಳೋಕೆ ಏನೋ ಇದೆ. ಸರಿಯಾಗಿ ಕೂತ್ಕೋ, ಗಿಣಿ."

ಗಿಣಿ ಎನ್ನುವುದು ಕಚೇರಿಯವರು ಇಟ್ಟ ಹೆಸರು. ಇಡೀ ದಿನ ಬೇರೆಯವರ ಮಾತನ್ನು ಪಟಪಟನೆ ಆಡುವವಳು, ನಿನಗೇನು ಬೇಕು ಎಂದು ಕೇಳಿದರೆ ತಡವರಿಸುವವಳು ಎಂದು ತಮಾಷೆಗೆ ಕರೆದದ್ದು ಹಾಗೇ ಅಂಟಿಕೊಂಡಿತ್ತು.

ಕಚೇರಿ ಇದ್ದದ್ದು ಬಾಗಿಲು ಮುಚ್ಚಿದ ಚಪ್ಪಲಿ ಅಂಗಡಿಯೊಂದರ ಮಹಡಿಯಲ್ಲಿ, ಮೂರೇ ಮೂರು ಕೋಣೆ. ಕಾಗದಪತ್ರ ಇಲ್ಲದವರು, ಇದ್ದರೂ ಯಾರೂ ನಂಬದವರು, ಮಾತಿನ ಧಾಟಿ ಕೇಳಿಯೇ ಮನೆ ಖಾಲಿ ಇಲ್ಲ ಅನ್ನಿಸಿಕೊಂಡವರು, ಬೇರೆ ದೇವರನ್ನು ನಂಬಿದ್ದಕ್ಕೆ ಕೆಲಸ ಕಳೆದುಕೊಂಡವರು... ಎಲ್ಲರೂ ಆ ಇಕ್ಕಟ್ಟಾದ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅವರ ಪರವಾಗಿ ಪುಕ್ಕಟೆ ವಾದಿಸುವುದು ಆ ಸಂಸ್ಥೆಯ ಕೆಲಸ. ಅರವತ್ತು ದಾಟಿದ ವಕೀಲಮ್ಮ ಅಲ್ಲಿಯ ಹಿರಿಯರು. ಗೆದ್ದ ಮೊಕದ್ದಮೆಗಳ ಕಡತ ಒಂದು ಕಪಾಟು, ಸೋತವು ನಾಲ್ಕು ಕಪಾಟು. ನಾಲ್ಕನೆಯದರ ಬಾಗಿಲು ಮುಚ್ಚಲೂ ಬರುತ್ತಿರಲಿಲ್ಲ.

ಗಿಣಿ ಅಲ್ಲಿಗೆ ಬಂದು ನಾಲ್ಕು ತಿಂಗಳಾಗಿತ್ತು. ಅದಕ್ಕೂ ಮೊದಲು ಮೂರು ವರ್ಷ ಒಂದು ಫೋನ್ ಕಂಪನಿಯಲ್ಲಿ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು, ಆಸ್ಪತ್ರೆಗೆ, ಪೊಲೀಸ್ ಠಾಣೆಗೆ, ಬ್ಯಾಂಕಿಗೆ ಕೂತಲ್ಲಿಂದಲೇ ಮಾತು ದಾಟಿಸಿದ್ದಳು.

ಆದರೆ ಮೊದಲ ಸಲ ಅವಳು ಈ ಕೆಲಸ ಮಾಡಿದ್ದು ಒಂಬತ್ತನೇ ವಯಸ್ಸಿನಲ್ಲಿ. ಅಮ್ಮನಿಗೆ ಆ ಊರಿನ ಭಾಷೆ ಬರುತ್ತಿರಲಿಲ್ಲ. ಇನ್ನು ಮೂರು ವಾರ ಎಂದು ಡಾಕ್ಟರು ಹೇಳಿದರು. ಆ ಮಗು ಅಮ್ಮನ ಕಡೆ ತಿರುಗಿ, ಬೇಗ ವಾಸಿಯಾಗುತ್ತಂತೆ ಎಂದಿತು. ಅಮ್ಮ ಅದನ್ನು ನಂಬಿದಳು. ಯಾರಿಗೂ ಏನೂ ಹೇಳದೆ, ಯಾರನ್ನೂ ಕರೆಸಿಕೊಳ್ಳದೆ, ವಾಸಿಯಾಗುವುದನ್ನೇ ಕಾಯುತ್ತ ಹೋಗಿಬಿಟ್ಟಳು.

ಅವತ್ತಿನಿಂದ ಗಿಣಿ ಯಾರ ಮಾತನ್ನೂ ಬದಲಿಸಿರಲಿಲ್ಲ. ಅದೊಂದು ವಿಷಯದಲ್ಲಿ ಅವಳಿಗೆ ತನ್ನ ಮೇಲೆ ಎಲ್ಲಿಲ್ಲದ ನಂಬಿಕೆ.

ಗಾಜಿನ ಆಚೆಯವನು ಕೊನೆಗೂ ಬಾಯಿಬಿಟ್ಟ.

ಅವನು ಲಿಫ್ಟ್ ರಿಪೇರಿ ಮಾಡುವವನು. ಆ ಊರಿಗೆ ಬಂದು ಹದಿನಾರು ವರ್ಷ. ಹದಿನಾಲ್ಕು ಮಹಡಿಯ ಕಟ್ಟಡವೊಂದರ ಲಿಫ್ಟು ಕಳಚಿ ಬಿದ್ದು, ನೆಲ ಸಾರಿಸುವ ಮುದುಕಿಯೊಬ್ಬಳು ಸತ್ತಿದ್ದಳು. ಬ್ರೇಕ್ ಸವೆದಿದೆ, ಲಿಫ್ಟ್ ನಿಲ್ಲಿಸಬೇಕು ಎಂದು ಅವನು ಮೇಸ್ತ್ರಿಗೆ ಮುಂಚೆಯೇ ಹೇಳಿದ್ದ. ಮೇಸ್ತ್ರಿ ಈಗ ತನಗೇನೂ ಗೊತ್ತಿಲ್ಲ ಎನ್ನುತ್ತಿದ್ದ. ಠಾಣೆಯಲ್ಲಿ ಮೇಜಿನ ಮೇಲೊಂದು ಫೋನ್ ಇಟ್ಟು, ಅದರಲ್ಲಿ ಯಾರೋ ಹೆಂಗಸಿನ ದನಿಯ ಮೂಲಕ ಅವನ ಹೇಳಿಕೆ ಬರೆದುಕೊಂಡಿದ್ದರು.

"ತಿಳಿಸಿದ್ದೆ ಅಂದೆ ನಾನು. ತಿಳಿದಿದ್ದೆ ಅಂತ ಬರೆದಿದ್ದಾರೆ." ಅವನು ಬೆರಳಿನಿಂದ ಮೇಜಿನ ಮೇಲೆ ಆ ಅಕ್ಷರ ಗೀಚಿ ತೋರಿಸಿದ. "ಒಂದಕ್ಷರ. ಕೆಟ್ಟಿದೆ ಅಂತ ಗೊತ್ತಿದ್ದೂ ಓಡಿಸಿದ, ಮುದುಕೀನ ಕೊಂದ ಅಂತಾಯ್ತು. ಆ ಫೋನಿನವಳು ಎಲ್ಲಿದ್ದಾಳೋ. ಊಟ ಮಾಡ್ಕೊಂಡು ಹಾಯಾಗಿರ್ತಾಳೆ."

ಆ ಒಂದು ಸಾಲಿನ ಮೇಲೆಯೇ ಅವನನ್ನು ದೇಶದಿಂದ ಹೊರಗೆ ಹಾಕುವ ಆದೇಶವಾಗಿತ್ತು. ಅಲ್ಲಿಯವರೆಗೆ ಈ ಬಂಧನಗೃಹ. ಐದು ತಿಂಗಳು ಆಗಲೇ ಕಳೆದಿದ್ದವು.

ವಾಪಸು ಬರುವಾಗ ಬಸ್ಸಿನಲ್ಲಿ ಗಿಣಿಗೆ ತಡೆಯಲಾಗಲಿಲ್ಲ. "ಒಂದಕ್ಷರ ಕಿವಿಗೊಟ್ಟು ಕೇಳೋಕಾಗದವಳು ಆ ಕುರ್ಚೀಲಿ ಯಾಕೆ ಕೂತ್ಕೋಬೇಕು, ಮೇಡಂ?"

ವಕೀಲಮ್ಮ ಕಿಟಕಿಯಾಚೆ ನೋಡುತ್ತಿದ್ದರು.

* * *

ಈ ಮೊಕದ್ದಮೆಯನ್ನು ಕಚೇರಿಗೆ ತಂದವರು ಅವನ ಚಿಕ್ಕಮ್ಮ. ಹೆತ್ತವರು ಹೋದ ಮೇಲೆ ಅವನನ್ನು ಸಾಕಿದವರು. ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದುಡಿದು ಎದೆ ಹಾಳು ಮಾಡಿಕೊಂಡಿದ್ದ ಹೆಂಗಸು, ಆ ಮೆಟ್ಟಿಲನ್ನು ನಾಲ್ಕು ಕಡೆ ಕೂತು ಕೂತು ಹತ್ತಿದ್ದರು. ಅವರ ಗುರುತಿನ ಚೀಟಿಯ ಅವಧಿ ಮುಗಿದಿತ್ತು, ಹಾಗಾಗಿ ಮಗನನ್ನು ನೋಡಲು ಒಳಗೆ ಬಿಡುತ್ತಿರಲಿಲ್ಲ.

ಹೀಗಾಗಿ ಗಿಣಿಯೇ ಇಬ್ಬರ ನಡುವೆ ಮಾತು ಹೊರುವವಳಾದಳು. ವಕೀಲಮ್ಮನೂ ಅಡ್ಡಿ ಮಾಡಲಿಲ್ಲ.

ಪ್ರತಿ ಗುರುವಾರ ಬಂಧನಗೃಹಕ್ಕೆ ಹೋದಾಗ, ಮೊಕದ್ದಮೆಯ ಮಾತು ಮುಗಿದ ಮೇಲೆ ಐದು ನಿಮಿಷ ಚಿಕ್ಕಮ್ಮನ ಮಾತು. ಉಣ್ಣುತ್ತಿದ್ದಾನೋ ಇಲ್ಲವೋ ಕೇಳು. ಹಲ್ಲುನೋವು ಹೋಯಿತಾ ಕೇಳು. ನೀಲಿ ಅಂಗಿ ಪಕ್ಕದ ಮನೆಯವನಿಗೆ ಕೊಟ್ಟುಬಿಟ್ಟೆ, ಬೈಯಬೇಡ ಅನ್ನು.

ಅದನ್ನು ಕೇಳಿದಾಗ ಅವನು ಮೊದಲ ಸಲ ನಕ್ಕ. ನಕ್ಕಾಗ ಬೇರೆಯೇ ಮನುಷ್ಯ ಕಾಣಿಸಿದ.

ಮೊದಮೊದಲು ಅವಳ ಮುಖ ನೋಡದೆ ಮಾತಾಡುತ್ತಿದ್ದವನು ಬರಬರುತ್ತಾ ತಿರುಗಿ ಕೂರತೊಡಗಿದ. ಲಿಫ್ಟು ಹೇಗೆ ಕೆಲಸ ಮಾಡುತ್ತದೆ ಎಂದು ಕಾಗದದ ಮೇಲೆ ಬರೆದು ತೋರಿಸಿದ. ಜನ ಒಳಗೆ ಕಾಲಿಟ್ಟ ಕೂಡಲೇ ಮಾತು ನಿಲ್ಲಿಸಿ ಬಾಗಿಲ ಮೇಲಿನ ಅಂಕಿಗಳನ್ನೇ ಗುರಾಯಿಸುತ್ತಾರೆ, ಗಂಡಹೆಂಡತಿಯ ಜಗಳಕ್ಕೂ ಹದಿನಾಲ್ಕು ಮಹಡಿಯ ಬಿಡುವು ಸಿಗುತ್ತದೆ ಎಂದ. ಅದನ್ನು ವಕೀಲಮ್ಮನಿಗೆ ದಾಟಿಸುವಾಗ ಗಿಣಿಗೆ ನಗು ತಡೆಯಲಾಗಲಿಲ್ಲ. ದುಭಾಷಿ ನಗಬಾರದು.

ದುಭಾಷಿ ತಾನೇ ಆ ಮನುಷ್ಯ ಎನ್ನುವಂತೆ ಮಾತಾಡಬೇಕು. ಅವನು ಹೇಳುತ್ತಿದ್ದಾನೆ ಎನ್ನುವಂತಿಲ್ಲ. ನನಗೆ ನಿದ್ದೆ ಬರ್ತಿಲ್ಲ. ನಾನು ಯಾರನ್ನೂ ಕೊಂದಿಲ್ಲ. ನನಗೆ ಭಯವಾಗುತ್ತೆ. ವಾರ ವಾರವೂ ಅವನ ಭಯವನ್ನು ತನ್ನ ಬಾಯಲ್ಲಿ ಆಡಿ ಆಡಿ, ಅದು ಅವಳ ಹೊಟ್ಟೆಗೂ ಇಳಿದುಬಿಟ್ಟಿತು. ಶುಕ್ರವಾರದಿಂದಲೇ ಅವಳು ಗುರುವಾರದ ದಾರಿ ಕಾಯತೊಡಗಿದಳು.

'ಇದು ತಪ್ಪು. ಅವನು ನಮ್ಮ ಕಕ್ಷಿಗಾರ...' ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡು ಏನು ಬಂತು?

ಅವನು ಒಳಗಿದ್ದ ಎಂಟನೇ ತಿಂಗಳಲ್ಲಿ ಚಿಕ್ಕಮ್ಮ ಆಸ್ಪತ್ರೆ ಸೇರಿದರು. ನಾಲ್ಕನೇ ದಿನ ಬೆಳಿಗ್ಗೆ ತೀರಿಕೊಂಡರು. ಆಗ ಹಾಸಿಗೆಯ ಪಕ್ಕದಲ್ಲಿದ್ದವಳು ಗಿಣಿ ಒಬ್ಬಳೇ.

ಸುದ್ದಿ ಹೇಳಲು ವಕೀಲಮ್ಮ ಮತ್ತು ಅವಳು ಹೋದರು. ವಕೀಲಮ್ಮ ಎರಡು ವಾಕ್ಯ ಹೇಳಿ ನಿಲ್ಲಿಸಿದರು. ಇನ್ನು ಅದನ್ನು ಅವನ ಭಾಷೆಯಲ್ಲಿ ಹೇಳಬೇಕಾದವಳು ಇವಳು.

ಒಂಬತ್ತು ವರ್ಷದ ಆ ಮಗು ಗಿಣಿಯ ಗಂಟಲಲ್ಲಿ ಕೂತು, ಬೇಡ ಬೇಡ ಎನ್ನುತ್ತಿತ್ತು.

"ನಿಮ್ಮ ಚಿಕ್ಕಮ್ಮ ಇವತ್ತು ಬೆಳಿಗ್ಗೆ ತೀರ್ಕೊಂಡ್ರು."

ಅವನು ಅಲ್ಲಾಡಲಿಲ್ಲ. ಕೊನೆಗೆ ಏನಾದರೂ ಅಂದರಾ ಎಂದು ಕೇಳಿದ.

ಏನು ಬೇಕಾದರೂ ಹೇಳಬಹುದಿತ್ತು. ನಿಮ್ಮ ಹೆಸರು ಹಿಡಿದು ಕರೆದರು, ಚೆನ್ನಾಗಿರಲಿ ಎಂದು ಹರಸಿದರು... ಯಾರು ಬೇಡವೆನ್ನುತ್ತಿದ್ದರು?

"ಕಿಟಕಿ ಮುಚ್ಚು ಅಂದ್ರು. ಅಷ್ಟೇ. ಚಳಿಯಾಗ್ತಿತ್ತು ಅವರಿಗೆ."

ಅವನ ಮುಖ ಒಡೆದುಹೋಯಿತು. "ಅವಳೇ," ಎಂದ, ಅಳುತ್ತಲೇ. "ಬೇಸಿಗೇಲೂ ಕಿಟಕಿ ತೆಗೆಯೋಕೆ ಬಿಡ್ತಿರಲಿಲ್ಲ. ನೀವು ಬೇರೆ ಏನಾದ್ರೂ ಹೇಳಿದ್ದಿದ್ರೆ ನಾನು ನಂಬ್ತಿರಲಿಲ್ಲ." ಅಂಗೈಯಲ್ಲಿ ಮುಖ ಒರೆಸಿಕೊಂಡು ಅವಳನ್ನು ನೋಡಿದ. "ಇನ್ನೊಂದು ಸಲ ಹೇಳಿ."

ಅವಳು ಇನ್ನೊಂದು ಸಲ ಹೇಳಿದಳು.

ಅಂತ್ಯಕ್ರಿಯೆಗೆ ಅವನನ್ನು ಬಿಡಲಿಲ್ಲ. ಹೆತ್ತ ತಾಯಿಯಲ್ಲವಲ್ಲ, ನಿಯಮದಲ್ಲಿ ಬರುವುದಿಲ್ಲ ಎಂದರು.

ಮುಂದಿನ ಗುರುವಾರ ಎದ್ದು ಹೊರಡುವ ಮುನ್ನ ಅವನು ಮೆಲ್ಲಗೆ ಒಂದು ಮಾತು ಹೇಳಿದ. ಈ ಜಗತ್ತಿನಲ್ಲಿ ಇನ್ನು ನಾನು ನಂಬುವುದು ನಿಮ್ಮೊಬ್ಬರ ಮಾತನ್ನೇ ಎಂದ. ವಕೀಲಮ್ಮ ಅದೇನು ಎಂದು ಕೇಳಿದರು.

ಆ ಮಾತನ್ನು ದಾಟಿಸುವಾಗ ಮೊದಲ ಸಲ ಅವಳ ದನಿ ನಡುಗಿತು.

* * *

ಠಾಣೆಯ ಕಡತದ ಪ್ರತಿ ಕಚೇರಿಯಲ್ಲಿ ಇತ್ತಾದರೂ ಅದರಲ್ಲಿ ಅರ್ಧಕ್ಕರ್ಧ ಮಸಿ ಬಳಿದಿದ್ದರು. ವಕೀಲಮ್ಮ ಬಿಡದೆ ಮೂರು ಅರ್ಜಿ ಹಾಕಿದ ಮೇಲೆ ಪೂರ್ತಿ ಪ್ರತಿ ಬಂತು. ಹತ್ತನೇ ತಿಂಗಳು ಮುಗಿಯುತ್ತ ಬಂದಿತ್ತು. ಅದನ್ನು ಓದಿ ಪಟ್ಟಿ ಮಾಡುವ ಕೆಲಸ ಗಿಣಿಯದು.

ಕಡತದ ಕೋಣೆಯಲ್ಲಿ ಕೂತು ಒಂದೊಂದೇ ಹಾಳೆ ತಿರುವಿದಳು. ಹೇಳಿಕೆಯ ಕೊನೆಯ ಪುಟ. ಕೆಳಗೆ ಅಧಿಕಾರಿಯ ಸಹಿ. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ: ಫೋನ್ ದುಭಾಷಿ, ಸಂಖ್ಯೆ 3172.

ಅವಳು ಆ ಅಂಕಿಯನ್ನೇ ನೋಡುತ್ತ ಕೂತಳು.

ಮೂರು ವರ್ಷ ಅದು ಅವಳ ಕೊರಳಲ್ಲಿ ನೇತಾಡಿತ್ತು. ಫೋನ್ ಎತ್ತಿದಾಗಲೆಲ್ಲ, ನಮಸ್ಕಾರ, ನಾನು 3172 ಎಂದೇ ಶುರು ಮಾಡುತ್ತಿದ್ದಳು.

'ಇಲ್ಲ... ಇಲ್ಲ... ಅಚ್ಚಿನ ತಪ್ಪಿರಬೇಕು.'

ದಿನಾಂಕ ನೋಡಿದಳು. ಆ ತಿಂಗಳು ಅವಳಿನ್ನೂ ಆ ಕಂಪನಿಯಲ್ಲೇ ಇದ್ದಳು. ದಿನಕ್ಕೆ ಅರವತ್ತು ಕರೆ. ಎಷ್ಟು ತಲೆ ಕೆರೆದುಕೊಂಡರೂ ಆ ಕರೆ ನೆನಪಿಗೆ ಬರಲಿಲ್ಲ. ಒಬ್ಬ ಮನುಷ್ಯನ ಬದುಕು ಮುರಿದುಬಿದ್ದ ಗಳಿಗೆ ಅವಳ ಪಾಲಿಗೆ ನೆನಪಿಡುವಂಥದ್ದೂ ಆಗಿರಲಿಲ್ಲ.

ಐದು ತಿಂಗಳು ವಾರ ವಾರವೂ ಅವನೆದುರು ಕೂತು ಫೋನಿನವಳಿಗೆ ಶಾಪ ಹಾಕಿದವಳು ತಾನೇ ಫೋನಿನವಳು!

ಚಿಕ್ಕಮ್ಮ ಮೆಟ್ಟಿಲ ಮೇಲೆ ಎದೆ ಹಿಡಿದು ಕೂತದ್ದು ಕಣ್ಣಿಗೆ ಕಟ್ಟಿತು. ಮಗನ ಮುಖ ನೋಡದೆ ಹೋದ ಆ ಜೀವ... ಅವರ ಕೈ ಹಿಡಿದು ಕೂತಿದ್ದ ಕೈ ಯಾರದು?

ಅವಳು ಆ ಹಾಳೆಯನ್ನು ಮೇಜಿನ ಮೇಲೆ ಬೋರಲು ಹಾಕಿದಳು.

ಅವಳಿಗೆ ಇನ್ನೊಂದು ಸಂಗತಿಯೂ ಗೊತ್ತಿತ್ತು. ಕಂಪನಿ ಎಲ್ಲ ಕರೆಗಳನ್ನೂ ಧ್ವನಿಮುದ್ರಿಸಿಕೊಳ್ಳುತ್ತದೆ, ಹತ್ತು ತಿಂಗಳು ಇಟ್ಟು ಅಳಿಸಿಹಾಕುತ್ತದೆ. ಹತ್ತು ತಿಂಗಳಾಗಲು ಇನ್ನು ಒಂಬತ್ತು ದಿನವಿತ್ತು. ಮಾತಾಡಿದ ದುಭಾಷಿಯೇ ಬರೆದು ಕೇಳಿದರೆ ಎರಡು ದಿನದಲ್ಲಿ ಪ್ರತಿ ಕೊಡುತ್ತಾರೆ. ಬೇರೆಯವರು ಕೇಳಿದರೆ ಕೋರ್ಟಿನ ಅಪ್ಪಣೆ ಬೇಕು, ಅದಕ್ಕೆ ತಿಂಗಳು.

ಒಂಬತ್ತು ದಿನ ಸುಮ್ಮನಿದ್ದರೆ ಸಾಕು. ಯಾರಿಗೂ ಗೊತ್ತಾಗುವುದಿಲ್ಲ. ಮುಂದಿನ ಗುರುವಾರವೂ ಅವನು ಅವಳನ್ನು ನೋಡಿ ನಗುತ್ತಾನೆ. ವಕೀಲಮ್ಮ ಹೇಗೋ ವಾದಿಸುತ್ತಾರೆ, ಗೆದ್ದರೂ ಗೆಲ್ಲಬಹುದು...

ಅವಳ ಬೆನ್ನಿಗೆ ಒರಗಿದಂತೆ ಇದ್ದದ್ದು ಸೋತ ಮೊಕದ್ದಮೆಗಳ ನಾಲ್ಕು ಕಪಾಟು.

ಅರ್ಧ ಗಂಟೆ ಅಲ್ಲೇ ಕೂತಿದ್ದಳು. ಆಮೇಲೆ ಹಾಳೆ ಎತ್ತಿಕೊಂಡು ಹೊರಗೆ ಬಂದಳು. ವಕೀಲಮ್ಮ ನಲ್ಲಿಯ ಹತ್ತಿರ ನಿಂತು ಚಹಾ ಲೋಟ ತೊಳೆಯುತ್ತಿದ್ದರು.

"ಮೇಡಂ, ಆ ಫೋನಿನವಳು ನಾನೇ."

ವಕೀಲಮ್ಮ ನಲ್ಲಿ ನಿಲ್ಲಿಸಿದರು. ಹಾಳೆ ತೆಗೆದುಕೊಂಡು ಓದಿದರು. ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಈಗಲೇ ಕಂಪನಿಗೆ ಅರ್ಜಿ ಬರೆ ಎಂದರು.

ಮೂರನೇ ದಿನ ಮುದ್ರಣ ಬಂತು. ಇಬ್ಬರೂ ಬಾಗಿಲು ಹಾಕಿಕೊಂಡು ಕೇಳಿದರು. ಠಾಣೆಯ ಗದ್ದಲ, ಕುರ್ಚಿ ಎಳೆದ ಸದ್ದು, ಹೊರಗೆಲ್ಲೋ ಸೈರನ್ನು. ಅದರ ನಡುವೆ ಅವನ ದನಿ, ಹೆದರಿದ್ದ, ಅವಸರದ ದನಿ. ಆಮೇಲೆ ಅವಳದು. ಎಷ್ಟು ಚುರುಕಾಗಿತ್ತು ಅವಳ ದನಿ! ಒಂದಿಷ್ಟೂ ಅನುಮಾನವಿರಲಿಲ್ಲ. ಇನ್ನೊಂದು ಸಲ ಹೇಳಿ ಎಂದು ಕೇಳಿರಲೇ ಇಲ್ಲ.

ಗಿಣಿ ಆ ತುಣುಕನ್ನು ಹನ್ನೆರಡು ಸಲ ಕೇಳಿದಳು. ಹದಿಮೂರನೇ ಸಲ, ಸೈರನ್ನಿನ ಅಡಿಯಲ್ಲಿ ಮುಳುಗಿದ್ದ ಎರಡು ಪುಟ್ಟ ಪದ ಕೇಳಿಸಿದವು.

ಎರಡು ಸಲ. ಎರಡು ಸಲ ತಿಳಿಸಿದ್ದೆ.

ಅವಳು ಕಿವಿಯಿಂದ ಯಂತ್ರ ಕಿತ್ತು ಕೆಳಗಿಟ್ಟು, ಮೇಜಿಗೆ ಹಣೆ ಹಚ್ಚಿ ಅತ್ತಳು.

ವಕೀಲಮ್ಮ ಅವಳನ್ನು ಅಳುವಷ್ಟು ಅಳಲು ಬಿಟ್ಟು, ಆಮೇಲೆ ಹೇಳಿದರು. "ಇವತ್ತಿನಿಂದ ನೀನು ದುಭಾಷಿ ಅಲ್ಲ, ಸಾಕ್ಷಿ. ಅವನ ಹತ್ತಿರ ಹೋಗೋ ಹಾಗಿಲ್ಲ, ಕಾಗದ ಬರೆಯೋ ಹಾಗಿಲ್ಲ."

ತಾನೇ ಹೇಳುತ್ತೇನೆ, ಒಂದೇ ಒಂದು ಸಲ ಬಿಡಿ ಎಂದು ಗಿಣಿ ಗೋಗರೆದಳು. ವಕೀಲಮ್ಮ ಇಲ್ಲವೆಂದು ತಲೆಯಾಡಿಸಿದರು. ಸಾಕ್ಷಿ ಅವನನ್ನು ಕಂಡಳು ಎಂದಾದರೆ ಆ ಮುದ್ರಣಕ್ಕೆ ಕವಡೆ ಕಿಮ್ಮತ್ತು ಇರುವುದಿಲ್ಲ.

ಗುರುವಾರ ವಕೀಲಮ್ಮ ಬೇರೊಬ್ಬ ದುಭಾಷಿಯನ್ನು ಕರೆದುಕೊಂಡು ಹೋದರು. ಗಿಣಿ ಸಂಜೆಯವರೆಗೆ ಮೆಟ್ಟಿಲ ಮೇಲೆ ಕೂತು ಕಾದಳು.

ಅವನು ಏನಂದ ಎಂದು ಕೇಳಲು ಬಾಯಿ ಬರಲಿಲ್ಲ. ವಕೀಲಮ್ಮನೇ ಹೇಳಿದರು. ಅವನು ಪೂರ್ತಿ ಕೇಳಿಸಿಕೊಂಡನಂತೆ. ಎಲ್ಲಾ ಗೊತ್ತಿದ್ದೇ ಬರುತ್ತಿದ್ದಳಾ ಎಂದು ಕೇಳಿದನಂತೆ. ಇಲ್ಲ ಎಂದರೂ ನಂಬಲಿಲ್ಲವಂತೆ. ಕೊನೆಗೆ ಒಂದೇ ಮಾತು: ಅವಳನ್ನು ಇನ್ನು ನನ್ನೆದುರಿಗೆ ತರಬೇಡಿ.

* * *

ವಿಚಾರಣೆ ಹನ್ನೊಂದನೇ ತಿಂಗಳಲ್ಲಿ ಬಂತು. ಕಿಟಕಿಯಿಲ್ಲದ ಸಣ್ಣ ಕೋಣೆ, ಎತ್ತರದ ಮೇಜಿನ ಹಿಂದೆ ನ್ಯಾಯಾಧೀಶರು. ಅವನು ತಲೆ ತಗ್ಗಿಸಿ ಕೂತಿದ್ದ. ಪಕ್ಕದಲ್ಲಿ ಹೊಸ ದುಭಾಷಿ, ಸಣಕಲು ಮುದುಕ, ಅವನ ಕಿವಿಯ ಹತ್ತಿರ ಬಾಯಿಟ್ಟು ಎಲ್ಲವನ್ನೂ ಅವನ ಭಾಷೆಯಲ್ಲಿ ಹೇಳುತ್ತಿದ್ದರು.

ಗಿಣಿ ಸಾಕ್ಷಿಕಟ್ಟೆ ಹತ್ತಿದಳು. ಜೀವನದಲ್ಲಿ ಮೊದಲ ಸಲ ಕೋರ್ಟಿನಲ್ಲಿ ತನ್ನದೇ ಮಾತು ಆಡಬೇಕಿತ್ತು.

ವಕೀಲಮ್ಮ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಕರೆ ತನ್ನದೇ. ತಪ್ಪು ತನ್ನದೇ. ಸರಿಯಾಗಿ ಕೇಳಿಸದಿದ್ದರೂ ಇನ್ನೊಮ್ಮೆ ಕೇಳಲಿಲ್ಲ.

ಆಮೇಲೆ ಸರ್ಕಾರಿ ವಕೀಲರು ಎದ್ದರು. ಬಂಧನಗೃಹದ ಪುಸ್ತಕ ನೋಡಿ, ಇಪ್ಪತ್ತು ಭೇಟಿ ಎಂದರು. ಅವನ ಚಿಕ್ಕಮ್ಮನ ಹಾಸಿಗೆಯ ಪಕ್ಕದಲ್ಲಿದ್ದವರೂ ನೀವೇ ತಾನೆ ಎಂದರು. ಆ ಮುದ್ರಣದಲ್ಲಿ ಯಾವ ಅಕ್ಷರವೂ ಸ್ಪಷ್ಟವಿಲ್ಲ, ಅಂದು ಒಂದು ಕೇಳಿಸಿದ್ದು ಇಂದು ಇನ್ನೊಂದು ಹೇಗೆ ಕೇಳಿಸಿತು ಎಂದರು. ಕೊನೆಗೆ ಮೇಜಿಗೆ ಒರಗಿ ನಿಂತು ಕೇಳಿದರು.

"ನೀವು ಈ ವ್ಯಕ್ತಿಯನ್ನು ಪ್ರೀತಿಸುತ್ತೀರಾ?"

ವಕೀಲಮ್ಮ ಎದ್ದು ಆಕ್ಷೇಪಿಸಿದರು. ನ್ಯಾಯಾಧೀಶರು, ಉತ್ತರಿಸಲಿ ಎಂದರು.

ಇಲ್ಲ ಎಂದರೆ ಮುಗಿಯಿತು. ಮೊಕದ್ದಮೆಗೂ ಅದೇ ಒಳ್ಳೆಯದು. ಅವಳು ಅವನ ಕೈಯನ್ನೂ ಹಿಡಿದಿಲ್ಲ, ಯಾರಿಗೂ ಏನೂ ಹೇಳಿಲ್ಲ. ಅವಳ ಎದೆಯೊಳಗೆ ಇರುವುದಕ್ಕೆ ಸಾಕ್ಷಿ ಎಲ್ಲಿದೆ?

ಆದರೆ ನಿಜ ಹೇಳುತ್ತೇನೆಂದು ಪ್ರಮಾಣ ಮಾಡಿ ನಿಂತಿದ್ದಳು.

"ಹೌದು," ಎಂದಳು. "ಪ್ರೀತಿಸ್ತೀನಿ."

ಸಣಕಲು ಮುದುಕ ತಮ್ಮ ಕೆಲಸ ಮಾಡಿದರು. ಅವನ ಕಿವಿಯ ಹತ್ತಿರ ಬಾಗಿ, ಒರಟು ಗಂಡುದನಿಯಲ್ಲಿ, ಅವಳ ಮಾತನ್ನು ಅವಳು ಹೇಳಿದಂತೆಯೇ ಹೇಳಿದರು.

ಅವನು ತಲೆ ಎತ್ತಿದ. ಅವತ್ತು ಬೆಳಗಿನಿಂದ ಮೊದಲ ಸಲ.

ಹಾಗಾದರೆ ಅವನನ್ನು ಬಿಡಿಸಲೆಂದೇ ಮಾತು ಬದಲಿಸಿದಿರಿ ಎಂದರು ಸರ್ಕಾರಿ ವಕೀಲರು.

"ಆ ಕರೆ ಬಂದ ದಿನ ಇವರು ಯಾರು ಅಂತಲೇ ನನಗೆ ಗೊತ್ತಿರಲಿಲ್ಲ, ಸರ್. ನನ್ನನ್ನ ನಂಬಬೇಡಿ. ಮುದ್ರಣ ಕೇಳಿ. ಸೈರನ್ನಿನ ಕೆಳಗೆ 'ಎರಡು ಸಲ' ಅಂತ ಇದೆ. ಒಂದು ವಿಷಯಾನ ಎರಡು ಸಲ ತಿಳಿಸಬಹುದು. ಎರಡು ಸಲ ತಿಳಿದಿರೋಕೆ ಯಾರಿಗೂ ಆಗಲ್ಲ."

ಕೋರ್ಟೇ ಕರೆಸಿದ ಭಾಷಾ ಮೇಷ್ಟ್ರೊಬ್ಬರು ಅದನ್ನು ಮೂರು ಸಲ ಕೇಳಿ, ಹೌದು, ಆ ಪದ ಇದೆ ಎಂದರು.

ಹತ್ತು ದಿನದ ಮೇಲೆ ತೀರ್ಪು ಬಂತು. ಆ ಹೇಳಿಕೆ ಬಿದ್ದುಹೋಯಿತು, ಅದರ ಜೊತೆಗೆ ಗಡೀಪಾರಿನ ಆದೇಶವೂ. ಆದರೂ ಪೂರ್ತಿ ಬಿಡುಗಡೆಯಲ್ಲ. ಅವನ ವಾಸದ ಅರ್ಜಿ ಹೊಸದಾಗಿ ವಿಚಾರಣೆಯಾಗುವವರೆಗೆ ಕಾಲಿಗೆ ಅವನ ಜಾಡು ತಿಳಿಸುವ ಪಟ್ಟಿ, ಪ್ರತಿ ಸೋಮವಾರ ವಲಸೆ ಕಚೇರಿಯಲ್ಲಿ ಸಹಿ. ಗಿಣಿಯ ದುಭಾಷಿ ಪರವಾನಗಿಯನ್ನು ಎರಡು ವರ್ಷ ಕಿತ್ತುಕೊಂಡರು. ನೆಲ ಸಾರಿಸುತ್ತಿದ್ದ ಮುದುಕಿಯ ಸಾವಿಗೆ ಯಾರು ಹೊಣೆ ಎಂದು ಮಾತ್ರ ಆಗಲೂ ತೀರ್ಮಾನವಾಗಲಿಲ್ಲ.

ಅವನು ಹೊರಗೆ ಬಂದಾಗ ಅವಳು ಕೋರ್ಟಿನ ಹೊರಗಿನ ಕಂಬಕ್ಕೆ ಒರಗಿ ನಿಂತಿದ್ದಳು. ಗಾಜಿಲ್ಲದೆ ಅವನನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ತಾನು ಅಂದುಕೊಂಡದ್ದಕ್ಕಿಂತ ಎತ್ತರವಿದ್ದ. ಅವನು ಅವಳ ಎದುರಿಗೇ ದಾಟಿ ಹೋದ. ನಿಲ್ಲಲಿಲ್ಲ. ತಿರುಗಿಯೂ ನೋಡಲಿಲ್ಲ.

'ಸರಿ,' ಅಂದುಕೊಂಡಳು. 'ಹೊರಗೆ ಬಂದನಲ್ಲ... ಅಷ್ಟು ಸಾಕು.'

ಸಾಕಾಗಿರಲಿಲ್ಲ. ಮನೆಗೆ ಬಂದು ಚಪ್ಪಲಿಯನ್ನೂ ಬಿಚ್ಚದೆ ನೆಲದ ಮೇಲೆ ಕೂತುಬಿಟ್ಟಳು.

* * *

ಕಡತ ನೋಡಿಕೊಂಡು ಇಲ್ಲೇ ಇರು ಎಂದು ವಕೀಲಮ್ಮ ಎಷ್ಟೋ ಹೇಳಿದರು. ಗಿಣಿಗೆ ಮನಸ್ಸಾಗಲಿಲ್ಲ. ಔಷಧಿ ಪೆಟ್ಟಿಗೆ ಕಟ್ಟುವ ಗೋದಾಮೊಂದರಲ್ಲಿ ಕೆಲಸಕ್ಕೆ ಸೇರಿದಳು. ಪೆಟ್ಟಿಗೆಗಳಿಗೆ ಮಾತಿಲ್ಲ, ತಪ್ಪಿ ಕೇಳಿಸುವ ಭಯವಿಲ್ಲ.

ಐದು ವಾರ ಕಳೆಯಿತು.

ಒಂದು ಮಧ್ಯಾಹ್ನ ಪಾಳಿ ಮುಗಿಸಿ ಹೊರಗೆ ಬಂದರೆ, ಗೇಟಿನ ಆಚೆಯ ಕಲ್ಲುಬೆಂಚಿನ ಮೇಲೆ ಅವನು ಕೂತಿದ್ದ. ಪ್ಯಾಂಟಿನ ಅಂಚಿನ ಕೆಳಗೆ ಕಾಲಿನ ಪಟ್ಟಿ ಉಬ್ಬಿ ಕಾಣುತ್ತಿತ್ತು.

ಅವನು ಎದ್ದು ನಿಂತ.

"ಕೋಪ ಇಲ್ಲ ಅಂತ ಹೇಳೋಕೆ ಬಂದಿಲ್ಲ," ಎಂದ. "ಇದೆ. ಚಿಕ್ಕಮ್ಮನ ನೆನೆಸಿಕೊಂಡಾಗೆಲ್ಲ ಬರುತ್ತೆ."

"ಬರಲಿ. ಬರಬೇಡ ಅನ್ನೋಕೆ ನನಗೇನು ಹಕ್ಕಿದೆ?"

ಅವನು ನಿಧಾನವಾಗಿ ಹೇಳತೊಡಗಿದ. ಹೊರಗೆ ಬಂದ ಮರುದಿನವೇ ಚಿಕ್ಕಮ್ಮನ ಸಮಾಧಿ ಹುಡುಕಿಕೊಂಡು ಹೋಗಿದ್ದ. ಕಳೆ ಬೆಳೆದು ಗುರುತು ಸಿಗುವುದಿಲ್ಲವೇನೋ ಎಂದು ಹೆದರಿದ್ದ. ನೋಡಿದರೆ ಒಂದು ಹುಲ್ಲುಕಡ್ಡಿಯೂ ಇರಲಿಲ್ಲ. ಅಲ್ಲಿಯ ಕಾವಲುಗಾರನನ್ನು ಕೇಳಿದರೆ, ಪ್ರತಿ ಭಾನುವಾರ ತಪ್ಪದೆ ಒಬ್ಬಳು ಹುಡುಗಿ ಬರುತ್ತಾಳೆ, ಕಳೆ ಕಿತ್ತು, ಹತ್ತು ನಿಮಿಷ ಸುಮ್ಮನೆ ಕೂತು ಹೋಗುತ್ತಾಳೆ ಎಂದ. ಮುಂದಿನ ಭಾನುವಾರ ಅವನು ದೂರದ ಗೋಡೆಯ ಹತ್ತಿರ ನಿಂತು ನೋಡಿದ. ಅದರ ಮುಂದಿನ ಭಾನುವಾರವೂ ನೋಡಿದ. ಮಾತಾಡಿಸಲು ಆಗಲಿಲ್ಲ.

"ವಕೀಲಮ್ಮ ಹೇಳಿದ್ರು, ಒಂಬತ್ತು ದಿನ ಸುಮ್ನಿದ್ದಿದ್ರೆ ಆ ಮುದ್ರಣ ಅಳಿಸಿ ಹೋಗ್ತಿತ್ತಂತೆ. ನಿಮಗದು ಗೊತ್ತಿತ್ತಂತೆ."

"ಗೊತ್ತಿತ್ತು."

"ಸುಮ್ನಿರಬೇಕು ಅನ್ನಿಸಲಿಲ್ವಾ?"

"ಅನ್ನಿಸ್ತು," ಎಂದಳು. "ಅರ್ಧ ಗಂಟೆ ಅನ್ನಿಸ್ತು."

ಅವನು ಅವಳನ್ನೇ ನೋಡಿದ. ಬಂಧನಗೃಹದ ಕೋಣೆಯಲ್ಲಿ, ಕಿಟಕಿ ಮುಚ್ಚು ಅಂದರು ಎಂದು ಕೇಳಿದಾಗ ನೋಡಿದ ಹಾಗೆಯೇ. ಅವನ ಮುಖದ ಬಿಗಿ ಸಡಿಲಾಯಿತು.

"ಅಲ್ಲಿದ್ದಾಗ ಬಿಡುಗಡೆಗೂ ನಾನು ಅಷ್ಟು ಕಾದಿರಲಿಲ್ಲ," ಎಂದ. "ಗುರುವಾರಕ್ಕೆ ಕಾಯ್ತಿದ್ದೆ. ಹೊರಗೆ ಬಂದ ಮೇಲೂ ಗುರುವಾರ ಬಂದ್ರೆ ಬೇಗ ಎದ್ದು ಗಡ್ಡ ಕೆರ್ಕೋತೀನಿ. ಆಮೇಲೆ ನೆನಪಾಗುತ್ತೆ, ಎಲ್ಲಿಗೂ ಹೋಗೋದಿಲ್ಲ ಅಂತ."

ಗಿಣಿ ಅವನ ಕಡೆಗೆ ಒಂದು ಹೆಜ್ಜೆ ಇಟ್ಟಳು.

"ಕೋರ್ಟಲ್ಲಿ ನೀವು ಹೇಳಿದ್ದನ್ನ ಆ ಅಜ್ಜನ ಬಾಯಲ್ಲಿ ಕೇಳಿದೆ," ಎಂದ ಅವನು. "ಅವರ ದನಿ ನೋಡಿದ್ದೀರಲ್ಲ... ಮರ ಕೊಯ್ದ ಹಾಗೆ. ಅವರನ್ನ ಪ್ರೀತಿಸೋಕೆ ನನ್ನಿಂದ ಆಗಲ್ಲ."

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಕೈಯಲ್ಲಿ ಬಾಯಿ ಮುಚ್ಚಿಕೊಂಡಳು. ಮುಚ್ಚಿಕೊಂಡ ಕೈಯನ್ನು ಅವನೇ ಮೆಲ್ಲಗೆ ಇಳಿಸಿದ. ಬೋಲ್ಟು ತಿರುವಿ ತಿರುವಿ ಗಡುಸಾದ ಬೆರಳು, ಬಿಸಿಯಾಗಿದ್ದವು.

"ಪ್ರೀತಿಸ್ತೀನಿ," ಎಂದಳು, ಇಬ್ಬರ ಭಾಷೆಯಲ್ಲಿ. "ನೀನು ಎದುರಿಗೇ ದಾಟಿ ಹೋದ ದಿನವೂ ಪ್ರೀತಿಸಿದೆ."

ನೀವು ಹೋಗಿ ನೀನು ಯಾವಾಗ ಬಂತೋ ಅವಳಿಗೆ ಗೊತ್ತಾಗಲಿಲ್ಲ. ಅವನಿಗೆ ಗೊತ್ತಾಯಿತು.

"ನಾನೂ," ಎಂದ. ಅಷ್ಟೇ. ಆದರೆ ಹಿಡಿದ ಕೈ ಬಿಡಲಿಲ್ಲ.

ಬಸ್ಸು ಬಂತು, ನಿಂತಿತು, ಹೋಯಿತು. ಇಬ್ಬರೂ ಹತ್ತಲಿಲ್ಲ. ಬೆಂಚಿನ ಮೇಲೆ ಕೂತರು. ಅವನ ಕಾಲಿನ ಪಟ್ಟಿಯ ಪುಟ್ಟ ದೀಪ ಆಗಾಗ ಮಿನುಗಿ ಆರುತ್ತಿತ್ತು. ಅರ್ಜಿಯ ವಿಚಾರಣೆ ಇನ್ನೂ ಏಳು ತಿಂಗಳು ಇತ್ತು. ಏನಾಗುತ್ತದೋ ವಕೀಲಮ್ಮನಿಗೂ ಗೊತ್ತಿರಲಿಲ್ಲ.

"ಸೋಮವಾರ ಸಹಿ ಹಾಕೋಕೆ ಹೋಗಬೇಕು," ಎಂದ ಅವನು. "ಸಾಲು ಉದ್ದ ಇರುತ್ತೆ. ನಿಂತು ನಿಂತು ಕಾಲು ಸೇದುತ್ತೆ. ಜೊತೆಗೆ ಬರ್ತೀಯಾ?"

"ಎಷ್ಟು ಹೊತ್ತಿಗೆ?"

"ಎಂಟಕ್ಕೆ ಬಾಗಿಲು ತೆಗೀತಾರೆ."

"ಏಳಕ್ಕೇ ಬಂದಿರ್ತೀನಿ."

"ಅಷ್ಟು ಬೇಗ ಬಂದು ಏನ್ ಮಾಡ್ತೀಯ?"

"ನಿನ್ನ ಪಕ್ಕ ನಿಂತ್ಕೋತೀನಿ."